"ಮಾಮ ಚಕ್ಕುಲಿ ಕೊಡಿದ್ರು" ಅನ್ನುವ ಮಗು ತಪ್ಪು ಮಾಡಿದೆಯಾ?

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ: ಮನೆಯಲ್ಲಿ ಒಂದೂವರೆ ವರ್ಷದ ಮಗ ಇದ್ದಾನೆ, ಜೂನ್‌ನಿಂದ ಒಂದು-ಎರಡನೇ ತರಗತಿಗೆ ಪಾಠ ಮಾಡಬೇಕು, ಅವನು ಕಲಿಯುವುದನ್ನು ನೋಡಿ ಕ್ಲಾಸಿಗೆ ಉಪಯೋಗವಾಗುವಂಥದ್ದು ಏನಾದರೂ ಸಿಗುತ್ತದಾ? ಸಿಗುತ್ತದೆ. ಎಲ್ಲದಕ್ಕೂ ಅಲ್ಲ, ಅದನ್ನು ಆಮೇಲೆ ಹೇಳುತ್ತೇನೆ.

ನಾನು ಹದಿನಾಲ್ಕು ವರ್ಷದಿಂದ ಚಿಕ್ಕ ಮಕ್ಕಳಿಗೇ ಪಾಠ ಮಾಡುತ್ತಿದ್ದೇನೆ. ಆದರೂ ನನ್ನ ಕಣ್ಣು ತೆರೆಸಿದ್ದು ನನ್ನ ಮಗಳ ಒಂದು ಮಾತು. ಆಗ ಅವಳಿಗೆ ಎರಡೂವರೆ. ಒಂದು ಸಂಜೆ ಅಡುಗೆಮನೆಗೆ ಓಡಿಬಂದು "ಅಜ್ಜಿ, ಮಾಮ ಚಕ್ಕುಲಿ ಕೊಡಿದ್ರು" ಅಂದಳು. ನಾನು ಟೀಚರ್ ನೋಡಿ, ಸುಮ್ನೆ ಇರಲಾಗಲಿಲ್ಲ. "ಕೊಡಿದ್ರು ಅಲ್ಲ ಪುಟ್ಟಿ, ಕೊಟ್ರು" ಅಂದೆ. ಅವಳು ನನ್ನ ಮುಖ ನೋಡಿ ಬಾಯಿ ಮುಚ್ಚಿಕೊಂಡಳು. ನಮ್ಮಮ್ಮ ಮಾತ್ರ ಅಕ್ಕಿರೊಟ್ಟಿ ತಟ್ಟುತ್ತಲೇ, "ಹೌದಾ ಕಂದಾ, ಮಾಮ ಕೊಟ್ರಾ? ಎಷ್ಟು ಕೊಟ್ರು?" ಅಂದರು. ಎರಡು ಬೆರಳು ಮೇಲೆದ್ದವು, ಮಾತು ಮತ್ತೆ ಶುರುವಾಯಿತು.

ರಾತ್ರಿ ಯೋಚಿಸಿದೆ. ನಮ್ಮ ಮನೆಯಲ್ಲಿ ಯಾರೂ "ಕೊಡಿದ್ರು" ಅನ್ನುವುದಿಲ್ಲ. ಮತ್ತೆ ಇವಳಿಗೆ ಅದು ಎಲ್ಲಿಂದ ಬಂತು? ಮಾಡು, ಮಾಡಿದ್ರು. ನೋಡು, ನೋಡಿದ್ರು. ಓಡು, ಓಡಿದ್ರು. ಹಾಗಾದರೆ ಕೊಡು, ಕೊಡಿದ್ರು! ಅವಳ ಲೆಕ್ಕ ಸರಿಯಾಗೇ ಇದೆ, ದಾರಿ ತಪ್ಪಿದ್ದು ಕನ್ನಡವೇ. ಕೇಳಿದ್ದನ್ನು ಗಿಳಿಪಾಠ ಒಪ್ಪಿಸುವ ಮಗುವಿನಿಂದ ಇಂಥ ತಪ್ಪು ಆಗುವುದೇ ಇಲ್ಲ. "ಕೊಟ್ರು" ಅವಳ ಬಾಯಲ್ಲಿ ನಿಲ್ಲಲು ಇನ್ನೂ ಎರಡು ತಿಂಗಳು ಬೇಕಾಯಿತು. ಆಮೇಲೆ ಯಾರೂ ತಿದ್ದಲಿಲ್ಲ, ಸರಿಯಾದ ಮಾತು ಕಿವಿಗೆ ಬೀಳುತ್ತಾ ಇತ್ತು ಅಷ್ಟೆ.

ಅದೇ ವರ್ಷ ಎರಡನೇ ತರಗತಿಯ ಒಬ್ಬ ಹುಡುಗ "ನೂರ ಐದು" ಅಂದರೆ 1005 ಅಂತ ಬರೆದಿದ್ದ. ಕೆಂಪು ಪೆನ್ನು ಎತ್ತಿದವಳು ಕೆಳಗಿಟ್ಟು, ಹೇಗೆ ಬರೆದೆ ಹೇಳು ಅಂದೆ. "ಮೊದಲು ನೂರು ಬರೆದೆ ಮಿಸ್, ಆಮೇಲೆ ಐದು." ಇದೂ "ಕೊಡಿದ್ರು" ಜಾತಿಯದೇ. ನೂರರ ಚೀಟಿಯ ಕೊನೆಯ ಸೊನ್ನೆಯ ಮೇಲೆ ಐದರ ಚೀಟಿ ಇಟ್ಟು ತೋರಿಸಿದೆ. ನಕ್ಕು ತಾನೇ ಅಳಿಸಿಕೊಂಡ.

ನಿಮ್ಮ ಮಗ ದಿನಕ್ಕೆ ಎಷ್ಟು ಸಲ ಬೀಳುತ್ತಾನೆ ಅಂತ ಎಣಿಸಿದ್ದೀರಾ? ಅಮೆರಿಕದ ಮನೋವಿಜ್ಞಾನಿ ಕ್ಯಾರೆನ್ ಅಡಾಲ್ಫ್ ಮತ್ತು ಜೊತೆಯವರು ಎಣಿಸಿದ್ದಾರೆ. 2012ರ ಅವರ ಲೆಕ್ಕದಲ್ಲಿ 12ರಿಂದ 19 ತಿಂಗಳ ಮಕ್ಕಳು ಆಟದ ನಡುವೆ ಗಂಟೆಗೆ ಸರಾಸರಿ 2,368 ಹೆಜ್ಜೆ ಇಟ್ಟರು, 17 ಸಲ ಬಿದ್ದರು. ಬಿದ್ದದ್ದಕ್ಕೆ ಅಂಕ ಕಳೆದಿದ್ದರೆ ಅಂಬೆಗಾಲೇ ವಾಸಿ ಅಂತ ಕೂತಿರುತ್ತಿದ್ದರೇನೋ! ನಮ್ಮ ಕ್ಲಾಸಲ್ಲಿ ಒಂದು ಮಗುವಿಗೆ ಬೋರ್ಡಿನ ಹತ್ತಿರ ಬಂದು ತಪ್ಪು ಮಾಡುವ ಅವಕಾಶ ವಾರಕ್ಕೆ ಎಷ್ಟು ಸಲ ಸಿಗುತ್ತದೆ ಹೇಳಿ. ಅದಕ್ಕೇ ನಾನು ಸ್ಲೇಟನ್ನು ಬಿಟ್ಟಿಲ್ಲ. ಒರೆಸಿದರೆ ಮುಗಿಯಿತು, ಮನೆಗೆ ಹೋಗಿ ಯಾರಿಗೂ ತೋರಿಸಬೇಕಾಗಿಲ್ಲ.

ಮೊಬೈಲಲ್ಲಿ ರೈಮ್ಸ್ ಹಾಕಿದರೆ ಕಲಿಯುವುದಿಲ್ಲವೇ ಅಂತ ಪೋಷಕರು ಕೇಳುತ್ತಾರೆ, ನಿಮಗೂ ಕೇಳುತ್ತಾರೆ. ಅಮೆರಿಕದ ಸಿಯಾಟಲ್‌ನಲ್ಲಿ ಮಕ್ಕಳ ಮಾತಿನ ಕಲಿಕೆಯ ಸಂಶೋಧಕಿ ಪೆಟ್ರೀಷಿಯಾ ಕೂಲ್ ಅವರ ತಂಡ ಇದನ್ನೇ ನೋಡಿತು, ಫಲಿತಾಂಶ ಬಂದದ್ದು 2003ರಲ್ಲಿ. ಇಂಗ್ಲಿಷ್ ಮನೆಗಳ 9 ತಿಂಗಳ ಕೂಸುಗಳನ್ನು ಚೀನೀ ಭಾಷೆ ಆಡುವವರ ಜೊತೆ 12 ಸಲ ಆಡಲು ಬಿಟ್ಟರು. ಚೀನೀ ಭಾಷೆಯ ಸೂಕ್ಷ್ಮ ಸದ್ದುಗಳ ವ್ಯತ್ಯಾಸ ಆ ಮಕ್ಕಳಿಗೆ ಹಿಡಿಯಿತು. ಅದೇ ಮಾತುಗಳನ್ನು ಟಿವಿಯಲ್ಲಿ ನೋಡಿದ ಮಕ್ಕಳಿಗೆ ಏನೂ ಹತ್ತಲಿಲ್ಲ. ಟಿವಿ "ಎಷ್ಟು ಕೊಟ್ರು?" ಅಂತ ತಿರುಗಿ ಕೇಳುವುದಿಲ್ಲವಲ್ಲ.

ಈಗ ಆ "ಎಲ್ಲದಕ್ಕೂ ಅಲ್ಲ" ಅಂದದ್ದು. ಮಾತು ತಾನಾಗೇ ಬಂತು, ಓದುವುದೂ ಹಾಗೇ ಬಂದುಬಿಡುತ್ತದೆ ಅಂತ ಕೆಲವರು ಉತ್ಸಾಹದಲ್ಲಿ ಹೇಳುತ್ತಾರೆ. ನಂಬಬೇಡಿ. ಕಾಗುಣಿತ, ಒತ್ತಕ್ಷರಗಳನ್ನು ಪಕ್ಕ ಕೂರಿಸಿಕೊಂಡೇ ಹೇಳಿಕೊಡಬೇಕು. ನನ್ನ ಮಗಳೂ ಅಷ್ಟೇ. "ಅಜ್ಜಿ" ಅಂತ ದಿನಕ್ಕೆ ನೂರು ಸಲ ಕೂಗುತ್ತಿದ್ದವಳು, ಬರೆಯುವಾಗ ತಿಂಗಳುಗಟ್ಟಲೆ "ಅಜಿ" ಅಂತಲೇ ಬರೆದಳು.