ಪಗಾರ ಕೊಡೋರು ಯಾರು?

ಹೋದ ಮಳೆಗಾಲದಲ್ಲಿ ಝುವಾರಿನಗರದಿಂದ ಒಬ್ಬ ಹುಡುಗ ಸಲಹೆ ಕೇಳಿಕೊಂಡು ನನ್ನ ಹತ್ತಿರ ಬಂದ. ವಯಸ್ಸು 24. ಅಪ್ಪ ಹಾವೇರಿ ಕಡೆಯವರು, ಗೌಂಡಿ ಕೆಲಸ. ಹುಡುಗ ಬೆಳೆದದ್ದು, ಓದಿದ್ದು ಗೋವಾದಲ್ಲೇ. ಬಿ.ಎಸ್ಸಿ. ಕೆಮಿಸ್ಟ್ರಿ ಮುಗಿಸಿದ್ದ. ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ನಿದ್ದೆ ಬರಲ್ಲ ಅಂತ ಬಂದಿದ್ದ. ರಾತ್ರಿ ಎರಡು ಗಂಟೆವರೆಗೂ ಮೊಬೈಲ್‌ನಲ್ಲಿ ಕೆಲಸದ ಜಾಹೀರಾತು ನೋಡುತ್ತಾನೆ. ಹತ್ತು ಹದಿನೈದು ಕಡೆ ಅರ್ಜಿ ಹಾಕುತ್ತಾನೆ. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಉತ್ತರ ಬಂತಾ ಅಂತ ನೋಡುತ್ತಾನೆ. ಬಂದಿರಲ್ಲ. ಮೂರು ತಿಂಗಳಿಂದ ಇದೇ ನಡೆದಿತ್ತು. "ನನ್ನಾಗ ಏನೋ ಕೊರತಿ ಐತ್ರಿ ಅಕ್ಕಾರ" ಅಂದ.

ನಿಧಾನಕ್ಕೆ ಹಿಂದಿನದು ಹೊರಗೆ ಬಂತು. ವರ್ಷದ ಹಿಂದೆ ಯಾರೋ ವಾಟ್ಸಾಪ್‌ನಲ್ಲಿ ಒಂದು ಜಾಹೀರಾತು ಕಳಿಸಿದ್ದರು. ಅದನ್ನು ಇನ್ನೂ ಅಳಿಸಿರಲಿಲ್ಲ, ತೆಗೆದು ತೋರಿಸಿದ. ವೆರ್ಣಾದ ದೊಡ್ಡ ಔಷಧ ಕಂಪನಿಗೆ ಕ್ಯೂಸಿ (ಲ್ಯಾಬಿನಲ್ಲಿ ಗುಣಮಟ್ಟ ಪರೀಕ್ಷಿಸುವ) ಕೆಮಿಸ್ಟ್ ಬೇಕು, ಫ್ರೆಶರ್ಸ್ ನಡೆಯುತ್ತದೆ, ಸಂಬಳ 22,000 ವರೆಗೆ, ಕಂಪನಿ ಬಸ್ ಇದೆ. ಕಂಪನಿಯ ಹೆಸರಿಲ್ಲ. ಕೆಳಗೆ ಒಂದು ಮೊಬೈಲ್ ನಂಬರ್, ಅಷ್ಟೇ.

ಸಂದರ್ಶನ ನಡೆದದ್ದು ವಾಸ್ಕೊದ ಒಂದು ಬಾಡಿಗೆ ಕೋಣೆಯಲ್ಲಿ. ಐದು ನಿಮಿಷ ಮಾತಾಡಿಸಿ, ಮೆಡಿಕಲ್ ಮತ್ತು ಯೂನಿಫಾರ್ಮ್‌ಗೆ ಅಂತ 1,500 ರೂಪಾಯಿ ಇಸಿದುಕೊಂಡರು. ಸೋಮವಾರ ಗೇಟಿಗೆ ಬಾ ಅಂದರು. ಗೇಟಿನ ಮೇಲೆ ದೊಡ್ಡ ಬೋರ್ಡು. ಅದರ ಮುಂದೆ ನಿಂತು ಫೋಟೊ ತೆಗೆದು ಅಪ್ಪನಿಗೆ ಕಳಿಸಿದ. ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಯಿತು: ಇವರ ಹುಡುಗ ಗುಳಿಗಿ ಕಂಪನಿಯಲ್ಲಿ ಕೆಮಿಸ್ಟ್.

ಒಳಗೆ ಅವನನ್ನು ಕಳಿಸಿದ್ದು ಲ್ಯಾಬಿಗಲ್ಲ, ಪ್ಯಾಕಿಂಗ್ ಹಾಲಿಗೆ. ಇಪ್ಪತ್ತು ದಿನ ಆದಮೇಲೆ ಪತ್ರ ಕೈಗೆ ಬಂತು. ಅದರಲ್ಲಿ ಗೇಟಿನ ಮೇಲಿದ್ದ ಹೆಸರಿರಲಿಲ್ಲ, ಒಬ್ಬ ಗುತ್ತಿಗೆದಾರನ ಹೆಸರಿತ್ತು. ಹುದ್ದೆ ಬರೀ 'ಟ್ರೈನಿ'. ಕೈಗೆ ಬರುತ್ತಿದ್ದದ್ದು 12,000 ಚಿಲ್ಲರೆ. ಎಂಟು ತಿಂಗಳಿಗೆ ಗುತ್ತಿಗೆ ಮುಗಿಯಿತು, ಕೊನೆ ತಿಂಗಳ ಪಗಾರವನ್ನೂ ಕೊಡಲಿಲ್ಲ. ಆಮೇಲೆ ಹೋದ ಎರಡು ಸಂದರ್ಶನದಲ್ಲಿ ಎಚ್‌ಪಿಎಲ್‌ಸಿ ಬಗ್ಗೆ ಕೇಳಿದರು. ಔಷಧದಲ್ಲಿ ಏನು ಎಷ್ಟಿದೆ ಅಂತ ಅಳೆಯುವ ಆ ಮೆಷಿನನ್ನು ಅವನು ಕಾಲೇಜು ಬಿಟ್ಟಮೇಲೆ ನೋಡಿಯೇ ಇರಲಿಲ್ಲ. ಮನೆಯಲ್ಲಿ ಇದ್ಯಾವುದೂ ಗೊತ್ತಿಲ್ಲ. ಈಗಲೂ ದಿನಾ ಬೆಳಿಗ್ಗೆ ಡಬ್ಬಿ ಕಟ್ಟಿಸಿಕೊಂಡು ಹೊರಡುತ್ತಿದ್ದ.

ಅವನು ನಿಜವಾಗಿ ಯಾಕೆ ಬಂದ ಅನ್ನುವುದು ಗೊತ್ತಾಗಿದ್ದು ಏಳುವ ಹೊತ್ತಿಗೆ. ಒಬ್ಬ ಕನ್ಸಲ್ಟೆಂಟ್ 15,000ಕ್ಕೆ ಎರಡು ವರ್ಷದ ಕ್ಯೂಸಿ ಅನುಭವದ ಪತ್ರ ಮಾಡಿಕೊಡುತ್ತೇನೆ ಅಂದಿದ್ದನಂತೆ. ಗೆಳೆಯನ ಹತ್ತಿರ 10,000 ಸಾಲ ಮಾಡಿ ಆಗಿತ್ತು.

ನಾನು ಬುದ್ಧಿ ಹೇಳಲು ಹೋಗಲಿಲ್ಲ. ಪ್ಯಾಕಿಂಗ್ ಹಾಲಿನಲ್ಲಿ ದಿನಾ ಏನು ಮಾಡುತ್ತಿದ್ದೆ, ಹೇಳು ಅಂದೆ. ಬಾಯಿ ಬಿಡಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಲೀಕ್ ಟೆಸ್ಟ್ ವಿಷಯ ಬಂತು. ಗಾಜಿನ ಪಾತ್ರೆಯಲ್ಲಿ ನೀಲಿ ಬಣ್ಣದ ನೀರು, ಮೆಥಿಲೀನ್ ಬ್ಲೂ. ಗುಳಿಗೆಯ ಸ್ಟ್ರಿಪ್‌ಗಳನ್ನು ಅದರಲ್ಲಿ ಮುಳುಗಿಸಿ, ಮುಚ್ಚಿ, ಒಳಗಿನ ಗಾಳಿ ಎಳೆಯುತ್ತಾರೆ. ಸರಿಯಾಗಿ ಸೀಲ್ ಆಗದ ಸ್ಟ್ರಿಪ್ ಇದ್ದರೆ ಗುಳ್ಳೆ ಬರುತ್ತದೆ. ಗಾಳಿ ವಾಪಸ್ ಬಿಟ್ಟಾಗ ನೀಲಿ ನೀರು ಒಳಗೆ ನುಗ್ಗುತ್ತದೆ. ತೆಗೆದು, ಒರೆಸಿ, ಒಂದೊಂದೇ ಗುಳಿಗೆ ಬಿಡಿಸಿ ನೋಡಬೇಕು. "ಒಂದು ಗುಳಿಗಿ ನೀಲಿ ಆಗಿದ್ರೂ ಮೆಷಿನ್ ನಿಲ್ಲಸ್ತಾರ್ರಿ" ಅಂದ. ಹೇಳುತ್ತಾ ಹೇಳುತ್ತಾ ಎರಡೂ ಕೈ ಆಡಿಸುತ್ತಿದ್ದ, ಸ್ಟ್ರಿಪ್ ಕೈಯಲ್ಲೇ ಇದ್ದ ಹಾಗೆ. ಬಂದಾಗಿನಿಂದ ತಗ್ಗಿಸಿದ್ದ ತಲೆ ಆಗ ಮೇಲೆ ಬಂತು. ಐಪಿಕ್ಯೂಎ (ಕೆಲಸ ನಡೆಯುತ್ತಿರುವಾಗಲೇ ಗುಣಮಟ್ಟ ನೋಡುವ) ಕೆಮಿಸ್ಟ್‌ಗೆ ಎಂಟು ತಿಂಗಳು ಇದರಲ್ಲಿ ಕೈ ಜೋಡಿಸಿದ್ದನಂತೆ. ಬ್ಯಾಚ್ ನಂಬರ್, ಎಕ್ಸ್‌ಪೈರಿ ಸರಿಯಾಗಿ ಪ್ರಿಂಟ್ ಆಗಿದೆಯಾ ನೋಡುವುದು, ಒಂದು ಬ್ಯಾಚ್ ಮುಗಿದಮೇಲೆ ಹಳೇ ಕಾರ್ಟನ್ ಒಂದೂ ಉಳಿಯದ ಹಾಗೆ ಲೈನ್ ಕ್ಲಿಯರ್ ಮಾಡುವುದು, ಎಲ್ಲ ಗೊತ್ತಿತ್ತು. ಇದರಲ್ಲಿ ಒಂದು ಸಾಲೂ ಅವನ ಬಯೋಡೇಟಾದಲ್ಲಿ ಇರಲಿಲ್ಲ. ಹೇಳಿಕೊಳ್ಳೋಕೆ ನಾಚಿಕೆ.

ಔಷಧ ಕಾರ್ಖಾನೆಯಲ್ಲಿ ಬರೆದಿಡದ ಕೆಲಸ ಆಗಿಯೇ ಇಲ್ಲ ಅಂತ ಲೆಕ್ಕ. ಮೊದಲ ವಾರವೇ ಅವನಿಗೆ ಅದನ್ನು ಕಲಿಸಿದ್ದರು. ಅವನೇ ಹೇಳಿದ. "ಹಾಗಾದ್ರೆ ಆಗದೇ ಇರೋ ಕೆಲಸ ಬರೆಸಿಕೊಂಡರೆ ಅದನ್ನ ಏನಂತಾರೆ?" ಅಂತ ಕೇಳಿದೆ. ಸುಮ್ಮನಾದ.

ಸುಳ್ಳು ಪತ್ರ ಬೇಡ ಅಂದಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಅವನ ಸಂಬಳದಲ್ಲಿ ಪಿಎಫ್ ಹಿಡಿದಿದ್ದರು. ಯುಎಎನ್ (ಪಿಎಫ್ ನಂಬರ್) ಹಾಕಿ ಒಟ್ಟಿಗೇ ಪಾಸ್‌ಬುಕ್ ತೆಗೆದು ನೋಡಿದೆವು. ಯಾರು, ಯಾವ ತಿಂಗಳಿಂದ ಯಾವ ತಿಂಗಳವರೆಗೆ ದುಡ್ಡು ಕಟ್ಟಿದ್ದಾರೆ ಅನ್ನೋದು ಅಲ್ಲಿ ಸ್ಪಷ್ಟವಾಗಿದೆ. ಹೊಸ ಕಂಪನಿಯವರು ಇದನ್ನು ತೆಗೆದು ನೋಡಿದರೆ ಎರಡು ವರ್ಷದ ಪತ್ರ ಅಲ್ಲೇ ಬಿದ್ದುಹೋಗುತ್ತದೆ. ಸಿಕ್ಕ ಕೆಲಸವೂ ಹೋಗುತ್ತದೆ, ಹೆಸರೂ ಕೆಡುತ್ತದೆ. ಸಾಲದ ದುಡ್ಡು ಇವತ್ತೇ ವಾಪಸ್ ಕೊಡು ಅಂದೆ. ಕೊಟ್ಟ.

ಬಾಕಿ ಪಗಾರಕ್ಕೆ ಕಾರ್ಮಿಕ ಇಲಾಖೆಗೆ ಅರ್ಜಿ ಬರೆಸಿದೆ. ಗುತ್ತಿಗೆದಾರ ಪಗಾರ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಕಂಪನಿಯೇ ಕೊಡಬೇಕು. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲೇ ಈ ಮಾತಿತ್ತು, 2025ರಲ್ಲಿ ಅದರ ಜಾಗಕ್ಕೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲೂ ಇದೆ. ನಮ್ಮ ಜನಕ್ಕೆ ಇದು ಗೊತ್ತೇ ಇರಲ್ಲ. ಮೆಡಿಕಲ್ ರೆಪ್ ಕೆಲಸಕ್ಕೆ ಹೋಗುವ ಮಕ್ಕಳದ್ದೂ ಇದೇ ಕಥೆ. ಅವರಿಗೆ ನೇಮಕಾತಿ ಪತ್ರ ಕೊಡಲೇಬೇಕು ಅಂತ 1976ರಲ್ಲೇ ಕಾಯ್ದೆ ಬಂತು. ಆದರೂ ಪತ್ರ ಇಲ್ಲದೆ ಬ್ಯಾಗ್ ಹಿಡಿದು ಡಾಕ್ಟರ ಬಾಗಿಲಲ್ಲಿ ನಿಂತ ಮಕ್ಕಳು ನನ್ನ ಹತ್ತಿರ ಬರುತ್ತಲೇ ಇರುತ್ತಾರೆ. ನನಗೆ ತುಂಬಾ ಸಂಕಟ ಆಗುತ್ತದೆ.

1,500 ರೂಪಾಯಿ ನಗದಾಗಿ ಕೊಟ್ಟಿದ್ದ, ರಸೀದಿ ಇಲ್ಲ. ಅದು ವಾಪಸ್ ಬರಲಿಲ್ಲ. ಕೆಲಸ ಕೊಡಲು ದುಡ್ಡು ಕೇಳುವವರಿಗೆ, ಯಾವ ಹೆಸರಲ್ಲಿ ಕೇಳಿದರೂ, ಕೊಡಬೇಡಿ. ಆನ್‌ಲೈನ್‌ನಲ್ಲಿ ಕಳಿಸಿ ಮೋಸ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಎರಡನೇ ಸಲ ಅಪ್ಪನನ್ನೂ ಕರೆದುಕೊಂಡು ಬಾ ಅಂದೆ. ಇದಕ್ಕೆ ಅವನು ಒಪ್ಪೋಕೆ ಹದಿನೈದು ದಿನ ಬೇಕಾಯಿತು. ಬಂದರು. ಬೆರಳ ಸಂದಿಯಲ್ಲಿ ಸಿಮೆಂಟ್ ಇನ್ನೂ ಹಾಗೇ ಇತ್ತು. ಹುಡುಗ ನೆಲ ನೋಡುತ್ತಾ ಎಲ್ಲ ಹೇಳಿ ಮುಗಿಸಿದ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು: "ಗುತ್ತಿಗಿ ಅಂದ್ರ ಏನಂತ ನನಗ ಗೊತ್ತಿಲ್ಲೇನೋ? ಮೂವತ್ತ್ ವರ್ಷ ಗುತ್ತಿಗಿದಾರರ ಕೈಯಾಗ ದುಡದೇನಿ. ಬುಟ್ಟಿ ಎತ್ತೂಕಿಂತ ಮೊದ್ಲ ಪಗಾರ ಕೊಡಾಂವ ಯಾರು ಅಂತ ಕೇಳ್ತೀವಿ. ನೀ ಓದಿದಾಂವ, ಅಷ್ಟು ಕೇಳಬಾರದಿತ್ತೇನಪಾ?" ದನಿಯಲ್ಲಿ ಸಿಟ್ಟಿರಲಿಲ್ಲ. ಹುಡುಗ ಅತ್ತುಬಿಟ್ಟ.

ನಾನು ಕೊಡಬೇಕಿದ್ದ ಸಲಹೆಯ ಮುಕ್ಕಾಲು ಭಾಗ ಅವರ ಮಾತಿನಲ್ಲೇ ಇತ್ತು. ಅದನ್ನೇ ಹಿಡಿದುಕೊಂಡು ಮುಂದೆ ಹೋದೆವು. ಯಾವ ಜಾಹೀರಾತು ಬಂದರೂ ಮೊದಲು ಫೋನ್ ಮಾಡಿ ಕೇಳು: ಪೇರೋಲ್ ಯಾರದು, ಅಂದರೆ ಪಗಾರ ಕೊಡೋರು ಯಾರು? ಕ್ಯೂಸಿ, ಕ್ಯೂಎ, ಪ್ರೊಡಕ್ಷನ್, ಪ್ಯಾಕಿಂಗ್, ಇದರಲ್ಲಿ ಯಾವ ವಿಭಾಗ? ಎಷ್ಟು ತಿಂಗಳಿಗೆ? ಕೈಗೆ ಎಷ್ಟು? 'ವರೆಗೆ' ಅಂದಿದ್ದರೆ ಶುರು ಎಷ್ಟರಿಂದ ಅಂತ ಕೇಳು. ಸಿಟಿಸಿ (ನಿನಗಾಗಿ ಕಂಪನಿ ಮಾಡುವ ಒಟ್ಟು ಖರ್ಚು) ಅಂದರೆ ಕಂಪನಿ ಕಟ್ಟುವ ಪಿಎಫ್ ಪಾಲೂ ಅದರಲ್ಲೇ ಸೇರಿರುತ್ತದೆ, ಅದು ತಿಂಗಳಾ ತಿಂಗಳಾ ಕೈಗೆ ಬರಲ್ಲ. ಕಂಪನಿ ಹೆಸರು ಹೇಳಿದರೆ ಅವರದೇ ಜಾಲತಾಣದಲ್ಲಿ ಆ ಹುದ್ದೆ ಇದೆಯಾ ನೋಡು, ಅಲ್ಲಿರುವ ನಂಬರಿಗೇ ಫೋನ್ ಮಾಡು. ಫ್ರೆಶರ್ ಬೇಕು ಅಂತ ಬರೆದು ಕೆಳಗೆ ಎಫ್‌ಡಿಎ ಅಪ್ರೂವ್ಡ್ (ರಾಜ್ಯದ ಔಷಧ ಇಲಾಖೆಯ ಒಪ್ಪಿಗೆ ಪಡೆದವರು) ಇರಬೇಕು ಅಂತಿದ್ದರೆ ಅದನ್ನು ಬಿಟ್ಟುಬಿಡು, ಅನುಭವ ಇಲ್ಲದವರಿಗೆ ಆ ಒಪ್ಪಿಗೆ ಎಲ್ಲಿಂದ ಬರಬೇಕು? ಒಂದೇ ಜಾಹೀರಾತು ವಾರ ವಾರ ಬರುತ್ತಿದ್ದರೂ ಅನುಮಾನ ಇರಲಿ.

ನಿದ್ದೆಗೆ ಹೇಳಿದ್ದು ಇಷ್ಟೇ. ರಾತ್ರಿ ಒಂಬತ್ತರ ಮೇಲೆ ಜಾಹೀರಾತು ನೋಡಬೇಡ. ದಿನಕ್ಕೆ ಮೂರೇ ಅರ್ಜಿ, ಬೆಳಗಿನ ಹೊತ್ತು, ಫೋನ್ ಮಾಡಿ ಕೇಳಿದಮೇಲೆ. ಬಯೋಡೇಟಾದಲ್ಲಿ ಆ ಎಂಟು ತಿಂಗಳನ್ನು ಗುತ್ತಿಗೆದಾರನ ಹೆಸರಿನ ಸಮೇತ ಬರಿ. ಲೀಕ್ ಟೆಸ್ಟನ್ನೂ ಬರಿ.

ಮೂರನೇ ಸಲ ಬಂದಾಗ ನನ್ನ ಎದುರೇ ಎರಡು ಕಡೆ ಫೋನ್ ಮಾಡಿದ. ಪ್ರಶ್ನೆಗಳನ್ನು ಬಸ್ ಟಿಕೆಟಿನ ಹಿಂದೆ ಬರೆದುಕೊಂಡಿದ್ದ. ಮೊದಲನೆಯವರು "ಬನ್ನಿ, ಬಂದಮೇಲೆ ಹೇಳ್ತೀವಿ" ಅಂದರು. ಪೇರೋಲ್ ಯಾರದು ಅಂತ ಮತ್ತೆ ಕೇಳಿದ, ಫೋನ್ ಇಟ್ಟರು. ಎರಡನೆಯದು ಕುಂಡೈನ ಒಂದು ಚಿಕ್ಕ ಕಾರ್ಖಾನೆ. ಅಲ್ಲಿನ ಹೆಣ್ಣುಮಗಳು ಎಲ್ಲ ಬಿಡಿಸಿ ಹೇಳಿದರು: ಪ್ಯಾಕಿಂಗ್ ಲೈನಿನ ಐಪಿಕ್ಯೂಎ, ಕಂಪನಿಯದೇ ಪೇರೋಲ್, ಆದರೆ ಒಂದು ವರ್ಷದ ಗುತ್ತಿಗೆ, ಕೈಗೆ 14,500. ಲೀಕ್ ಟೆಸ್ಟ್ ಮಾಡಿ ಗೊತ್ತಾ ಅಂತ ಅವರೂ ಕೇಳಿದರು.

ಸಂದರ್ಶನಕ್ಕೆ ಹೋಗಿ ಬಂದ. ಪತ್ರ ಕೈಗೆ ಬಂದ ಸಂಜೆ ಅಪ್ಪನನ್ನು ಕೂರಿಸಿಕೊಂಡು ಪೂರ್ತಿ ಓದಿ ಹೇಳಿದನಂತೆ, ಗುತ್ತಿಗೆ ಅನ್ನುವ ಸಾಲನ್ನೂ ಬಿಡದೆ.