ದಿಲೀಪ್ ಪರುಲ್ಕರ್ ಪಾಕಿಸ್ತಾನದ ಸೆರೆಯಿಂದ ತಪ್ಪಿಸಿಕೊಂಡರೂ ಮತ್ತೆ ಸಿಕ್ಕಿಬಿದ್ದದ್ದು ಹೇಗೆ?

1965ರ ಯುದ್ಧದಲ್ಲಿ ಭುಜಕ್ಕೆ ಗಾಯವಾಗಿದ್ದರೂ ವಿಮಾನವನ್ನು ನೆಲೆಗೆ ಮರಳಿಸಿ ವಾಯುಸೇನಾ ಪದಕ ಪಡೆದಿದ್ದ ಭಾರತೀಯ ವಾಯುಪಡೆಯ ಪೈಲಟ್ ದಿಲೀಪ್ ಪರುಲ್ಕರ್, 1971ರ ಡಿಸೆಂಬರ್ 10ರಂದು ತಮ್ಮ ಸುಖೋಯ್-7 ಯುದ್ಧವಿಮಾನ ಗುಂಡೇಟಿಗೆ ಸಿಕ್ಕಿದ್ದರಿಂದ ಪಾಕಿಸ್ತಾನದಲ್ಲಿ ಸೆರೆಯಾದರು. 1972ರ ಆಗಸ್ಟ್‌ನಲ್ಲಿ ಅವರು, ಗ್ರೆವಾಲ್ ಮತ್ತು ಹರೀಶ್ ಸಿನ್ಹಜಿ ಎಂಬ ಇಬ್ಬರು ಸಹ ಪೈಲಟ್‌ಗಳೊಂದಿಗೆ ರಾವಲ್ಪಿಂಡಿ ಶಿಬಿರದ ಗೋಡೆಯನ್ನು ಒಳಗಿನಿಂದಲೇ ಕೊರೆದು, ಬಿರುಗಾಳಿಯ ರಾತ್ರಿಯಲ್ಲಿ ಹೊರಬಿದ್ದು, ಪೇಶಾವರ ದಾಟಿ, ಅಫ್ಘಾನ್ ಗಡಿಗೆ ಕೆಲವೇ ಮೈಲಿ ದೂರದ ಲಂಡಿ ಕೋತಲ್ ತಲುಪಿದರು. ಅಲ್ಲಿ ಅವರು ವಿಚಾರಿಸಿದ್ದು ಲಂಡಿ ಖಾನಾಕ್ಕೆ ಹೋಗುವ ದಾರಿಯನ್ನು. ನಕ್ಷೆಯಲ್ಲಿ ಕಾಣುತ್ತಿದ್ದ ಆ ರೈಲು ನಿಲ್ದಾಣ 1932ರಲ್ಲೇ ಮುಚ್ಚಿಹೋಗಿತ್ತು. ಆ ಒಂದು ಹೆಸರೇ ಅನುಮಾನಕ್ಕೆ ಎಡೆಮಾಡಿಕೊಟ್ಟು ಮೂವರೂ ಸಿಕ್ಕಿಬಿದ್ದರು. ಅಷ್ಟು ಹತ್ತಿರ ಹೋಗಿ ಹೀಗಾಯಿತಲ್ಲ ಎಂದು ನೆನೆದಾಗಲೆಲ್ಲ ಕರುಳು ಚುರ್ ಎನ್ನುತ್ತದೆ. ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರು ಇತರ ಯುದ್ಧಕೈದಿಗಳೊಂದಿಗೆ ವಾಘಾ ಮೂಲಕ ತಾಯ್ನಾಡಿಗೆ ಮರಳಿದರು.