ಬಿಟ್ಟಿ ಗೊಬ್ಬರದ ಲೆಕ್ಕ

ಮಿಂಚಿನ ಮಳೆ ಭೂಮಿಗೆ ಸಾರಜನಕವೆಂಬ ಬಿಟ್ಟಿ ಗೊಬ್ಬರ ತರುತ್ತದೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ಖಾನಾಪುರ ತಾಲ್ಲೂಕಿನ ಓದುಗರೊಬ್ಬರು ಕೇಳುತ್ತಾರೆ: “ಹಾಗಾದರೆ ಹೊಗೆಯಿಂದ ಬರುವ ಸಾರಜನಕವೂ ಒಳ್ಳೆಯದೇ? ನಮ್ಮೂರ ಕಲ್ಲುಬಯಲಿನಲ್ಲಿ ಹುಲ್ಲು ಹೆಚ್ಚಿ, ಮಳೆಗಾಲದ ಸಣ್ಣ ಹೂಗಳು ಕಡಿಮೆಯಾಗುತ್ತಿವೆ. ಕಾರಣ ಅದೇ ಇರಬಹುದೇ?”

ಸಂಪಾದಕರ ಉತ್ತರ:

ನಾವು ಬರೆದದ್ದು ಅರ್ಧ ಮಾತು. ಉಳಿದರ್ಧವನ್ನು ನೀವು ಬರೆಸುತ್ತಿದ್ದೀರಿ. ನಿಮ್ಮ ಜಂಬಿಟ್ಟಿಗೆ ಬಯಲಿನಲ್ಲಿ ಕೆಲವು ಗಿಡಗಳು ಕೀಟ ಹಿಡಿದು ತಿನ್ನುವುದು ಮಣ್ಣಿನಲ್ಲಿ ಸಾರಜನಕ ಸಾಲದ ಕಾರಣಕ್ಕೆ. ಬಡ ಮಣ್ಣೇ ಅವುಗಳ ರಕ್ಷಣೆ. ಗೊಬ್ಬರ ಸಿಕ್ಕರೆ ಹುಲ್ಲು ಎತ್ತರಕ್ಕೆ ಬೆಳೆದು ಅವುಗಳ ಬಿಸಿಲನ್ನು ಕಸಿಯುತ್ತದೆ.

ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ 1856ರಲ್ಲಿ ಜಮೀನುದಾರ ಲಾಸ್ ಮತ್ತು ರಸಾಯನಶಾಸ್ತ್ರಜ್ಞ ಗಿಲ್ಬರ್ಟ್ ಹುಲ್ಲುಗಾವಲಿಗೆ ಗೊಬ್ಬರ ಹಾಕಿದ್ದು ಮೇವು ಹೆಚ್ಚಿಸುವುದಕ್ಕೆ. ಮೇವು ಹೆಚ್ಚಿತು, ಆದರೆ ಸಾರಜನಕ ಬಿದ್ದ ತುಂಡುಗಳಲ್ಲಿ ಸಸ್ಯಗಳ ಬಗೆಗಳು ಕರಗಿದವು. ಆ ಪ್ರಯೋಗ ಇಂದಿಗೂ ನಡೆದಿದೆ. ಗಾಳಿಯಿಂದ ಬೀಳುವ ಸಾರಜನಕದ ಲೆಕ್ಕ 2004ರಲ್ಲಿ ಬಂತು: ಬ್ರಿಟನ್ನಿನ 68 ಹುಲ್ಲುಗಾವಲುಗಳಲ್ಲಿ, ಹೆಕ್ಟೇರಿಗೆ ವರ್ಷಕ್ಕೆ 2.5 ಕಿಲೋ ಸಾರಜನಕ ಹೆಚ್ಚಾದಲ್ಲೆಲ್ಲ ನಾಲ್ಕು ಚದರ ಮೀಟರಿನಲ್ಲಿ ಒಂದು ಬಗೆ ಕಡಿಮೆ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ಎರಡೂವರೆ ಎಕರೆಗೆ ಐದೂವರೆ ಕಿಲೋ ಯೂರಿಯಾ; ಕಬ್ಬು ಬೆಳೆಯುವವರು ನಕ್ಕುಬಿಡುವಷ್ಟು. ಆ ಅಂಕಿಯನ್ನು ಹಾಗೆಯೇ ತಂದು ನಿಮ್ಮ ಬಯಲಿಗೆ ಹೊದಿಸಲಾಗದು, ಅಲ್ಲಿನ ಮಣ್ಣು ಬೇರೆ, ಮಳೆ ಬೇರೆ.

ಆದ್ದರಿಂದ ನೀವೇ ಅಳೆಯಿರಿ. ಎರಡು ಮೀಟರ್ ಉದ್ದಗಲದ ಚೌಕಗಳಿಗೆ ಮೂಲೆಗಲ್ಲು ನೆಟ್ಟು, ಪ್ರತಿ ವರ್ಷ ಸೆಪ್ಟೆಂಬರಿನ ಮೊದಲ ವಾರ ಅವುಗಳೊಳಗಿನ ಸಸ್ಯಗಳ ಬಗೆಗಳನ್ನು ಎಣಿಸಿ. (ಚೌತಿಯ ವಾರವೆಂದು ಗುರುತಿಟ್ಟುಕೊಳ್ಳಬೇಡಿ, ಅಧಿಕ ಮಾಸ ಬಂದ ವರ್ಷ ಲೆಕ್ಕ ಕೆಡುತ್ತದೆ.) ಹೆಸರು ತಿಳಿಯದ ಗಿಡದ ಎಲೆಯನ್ನು ವಹಿಯಲ್ಲಿ ಅಂಟಿಸಿದರೂ ಆದೀತು. ಕೆಲವು ಚೌಕಗಳು ಕಬ್ಬಿನ ಗದ್ದೆಗೋ ರಸ್ತೆಗೋ ಹತ್ತಿರವಿರಲಿ, ಕೆಲವು ದೂರವಿರಲಿ.

ಗಾಳಿಯ ಪಾಲನ್ನು ಅಳೆಯುವುದು ಕಷ್ಟ. ಮಳೆನೀರನ್ನು ಆಲಿಕೆಯಿಟ್ಟು ಹಿಡಿದು ಪ್ರಯೋಗಾಲಯಕ್ಕೆ ಕಳಿಸಬಹುದು; ಅಂಚಿನ ಮೇಲೆ ಕಾಗೆ ಕುಳಿತು ಹಿಕ್ಕೆ ಹಾಕಿದರೆ ಆ ವಾರದ ಮಾದರಿ ಹೋದಂತೆ. ಆದರೆ ಯೂರಿಯಾ ಎರಚಿದ ಹೊಲದಿಂದಲೂ ಕೊಟ್ಟಿಗೆಯಿಂದಲೂ ಏಳುವ ಅಮೋನಿಯಾ ಮಳೆಗೆ ಕಾಯದೆ ನೇರವಾಗಿ ಎಲೆಗೆ ಅಂಟುತ್ತದೆ. ಅದಕ್ಕೆ ಆಮ್ಲ ಸವರಿದ ಕಾಗದವಿರುವ ಪುಟ್ಟ ಕೊಳವೆಗಳನ್ನು ತಿಂಗಳುಗಟ್ಟಲೆ ತೂಗುಹಾಕುತ್ತಾರೆ. ಹತ್ತಿರದ ಕೃಷಿ ಕಾಲೇಜಿನವರ ನೆರವು ಕೇಳಿ.

ದನ ಮೇಯುವುದು ನಿಂತರೂ ಹುಲ್ಲು ಹೆಚ್ಚುತ್ತದೆ, ಬೇಸಿಗೆಯ ಬೆಂಕಿಯೂ ಲೆಕ್ಕ ಬದಲಿಸುತ್ತದೆ. ಅವನ್ನೂ ಬರೆದಿಡಿ; ಇಲ್ಲದಿದ್ದರೆ ಎಮ್ಮೆಯ ತಪ್ಪು ಗಾಳಿಯ ತಲೆಗೆ ಬರುತ್ತದೆ.

ಒಂದೇ ವಿನಂತಿ: ಬೇಗ ಉತ್ತರ ಬೇಕೆಂದು ಬಯಲಿಗೆ ಯೂರಿಯಾ ಎರಚಿ ನೋಡಬೇಡಿ. ಲಾಸ್ ಎರಚಿದ್ದು ತನ್ನ ಸ್ವಂತ ಹುಲ್ಲುಗಾವಲಿಗೆ.